ಬಿರುಬೇಸಿಗೆಯ ಹಂಪೆ

ಹಂಪೆಯನ್ನು ನೋಡಲು ತಕ್ಕ ಕಾಲವೆಂದರೆ ಮಾಗಿ. ಮಕ್ಕಳಿಗೆ ದೀರ್ಘ ರಜೆ ದೊರೆಯುವುದು ಬೇಸಿಗೆಯಲ್ಲಿ. ಆದುದರಿಂದ ಪ್ರತಿವರ್ಷವೂ ಏಪ್ರಿಲ್, ಮೇ ತಿಂಗಳುಗಳಲ್ಲಿ ಅನೇಕ ಸಂಸಾರಗಳು ತಿಂಡಿಯ ಡಬ್ಬಿ, ನೀರಿನ ಬಾಟಲಿಗಳೊಡನೆ ಹೊಸಪೇಟೆಯ ರೈಲು ನಿಲ್ದಾಣದಲ್ಲಿ ಬಂದಿಳಿಯುತ್ತವೆ. ಅಲ್ಲಿಂದ ಹಂಪೆಗೆ ಸುಮಾರು 13 ಕಿಲೋಮೀಟರು. ಮುಂಜಾನೆಯ ತಂಗಾಳಿಯಲ್ಲಿ ಬಾಳೆಯ ತೋಟಗಳ ನಡುವೆ ಸಾಗುವಾಗ, ಕೆಲವೇ ಗಂಟೆಗಳಲ್ಲಿ ಈ ನೆಲ ಕಾದ ಹೆಂಚಾಗುವುದೆಂದು ಯಾರಿಗೂ ತೋರುವುದಿಲ್ಲ.

ಈ ಸೀಮೆಯಲ್ಲಿ ಬೇಸಿಗೆಯ ತಾಪ 40 ಡಿಗ್ರಿಯನ್ನು ಮುಟ್ಟುವುದು ಅಪರೂಪವಲ್ಲ. ಅದರ ಮೇಲೆ ಹಂಪೆಯದು ಕಲ್ಲಿನ ರಾಜ್ಯ. ಹೆಬ್ಬಂಡೆಗಳು ಹಗಲೆಲ್ಲ ಬಿಸಿಲನ್ನು ಕುಡಿದು ಸುತ್ತಲೂ ಕಾವನ್ನು ಸೂಸುತ್ತವೆ. ನೆತ್ತಿಯ ಮೇಲೊಂದು ಬಿಸಿಲಾದರೆ ಕಾಲಡಿಯಲ್ಲಿ ಇನ್ನೊಂದು. ವಿರೂಪಾಕ್ಷನ ಗುಡಿಯ ಅಂಗಳದಲ್ಲಿ ನಡುಹಗಲು ಬರಿಗಾಲಿನಲ್ಲಿ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿನಿಂದ ಬಂದಿದ್ದ ಒಂದು ಸಂಸಾರ ವಿರೂಪಾಕ್ಷನ ದರ್ಶನವನ್ನು ಮುಗಿಸಿ, ಹನ್ನೊಂದು ಗಂಟೆಯ ಹೊತ್ತಿಗೆ ನದೀತೀರದ ದಾರಿಯಲ್ಲಿ ವಿಜಯ ವಿಠ್ಠಲನ ಗುಡಿಯ ಕಡೆ ಹೊರಟಿತು. ಎರಡು ಕಿಲೋಮೀಟರಿನ ದಾರಿ ದೂರವೇನೂ ಅಲ್ಲ; ಆದರೆ ನೆರಳು ವಿರಳ. ಯಜಮಾನರ ಕೈಯಲ್ಲಿ, ಒಂದೇ ದಿನದಲ್ಲಿ ನೋಡಿ ಮುಗಿಸಬೇಕಾದ ಸ್ಥಳಗಳ ಪಟ್ಟಿ. ರಾಯರ ತುಲಾಭಾರದ ಕಂಬಗಳು ಕಾಣಿಸಿಕೊಳ್ಳುವ ವೇಳೆಗೆ ಹತ್ತು ವರ್ಷದ ಮಗ ಮಾತು ನಿಲ್ಲಿಸಿದ್ದ. ತಲೆನೋವೆಂದ, ಹೊಟ್ಟೆ ತೊಳಸುತ್ತದೆಯೆಂದ. “ಇನ್ನು ನಾಲ್ಕು ಹೆಜ್ಜೆ ಮಾತ್ರ, ನಡಿಯೋ ಮರಿ” ಎಂದರು ತಂದೆ. ಬೆವರಿನಿಂದ ತೊಯ್ದಿದ್ದ ಹುಡುಗ ಅಲ್ಲಿಯೇ ಕುಸಿದು ಕುಳಿತ.

ಹತ್ತಿರದ ಮಂಟಪದ ನೆರಳಿನಲ್ಲಿ ಎಳನೀರು ಮಾರುತ್ತಿದ್ದ ಮುದುಕಿ ಎದ್ದು ಬಂದಳು. “ಯಣ್ಣಾ, ಹುಡುಗನ್ನ ಮೊದ್ಲು ನೆಳ್ಳಿಗೆ ಕರಕೊಂಡು ಬರ್ರಿ. ಕಲ್ಲು ಕಾದಾವ್ರಿ” ಎಂದಳು. ತಾಯಿ ಮಗನ ಅಂಗಿಯ ಗುಂಡಿಗಳನ್ನು ಬಿಚ್ಚಿ, ಸೆರಗನ್ನು ನೀರಿನಲ್ಲಿ ಅದ್ದಿ ಕತ್ತು, ಕಂಕುಳುಗಳನ್ನು ಒರೆಸಿದಳು. ತಂದೆ ಪಟ್ಟಿಯ ಕಾಗದದಿಂದಲೇ ಗಾಳಿ ಬೀಸಿದರು. ಗುಟುಕು ಗುಟುಕಾಗಿ ಎಳನೀರು ಒಳಗಿಳಿದ ಮೇಲೆ, ಅರ್ಧ ಗಂಟೆಯಲ್ಲಿ ಹುಡುಗನ ಮುಖಕ್ಕೆ ಕಳೆ ಬಂದಿತು.

ಬಿಸಿಲಿನ ಬಳಲಿಕೆ ಹೀಗೆ ಮುನ್ಸೂಚನೆ ಕೊಡುತ್ತದೆ. ತಲೆಸುತ್ತು, ವಾಕರಿಕೆ, ಅತಿಯಾದ ಬೆವರು ಕಂಡೊಡನೆ ನೆರಳು ಸೇರಿದರೆ ಅದು ಸಾಮಾನ್ಯವಾಗಿ ಅಷ್ಟಕ್ಕೇ ನಿಲ್ಲುತ್ತದೆ. ಮೈ ಕೆಂಡದಂತೆ ಸುಡತೊಡಗಿ ಮಾತು ತೊದಲಿದರೆ, ನಡೆನುಡಿ ತಪ್ಪಿದರೆ, ಇಲ್ಲವೆ ಎಚ್ಚರ ತಪ್ಪಿದರೆ ಅದು ಪ್ರಾಣಾಪಾಯದ ಲಕ್ಷಣ. ಆಗ ತಡಮಾಡದೆ 108ಕ್ಕೆ ಕರೆಮಾಡಬೇಕು. ವಾಹನ ಬರುವವರೆಗೂ ಮೈಮೇಲೆ ನೀರು ಚಿಮುಕಿಸುತ್ತ ಗಾಳಿ ಹಾಕುತ್ತಿರಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಲೇಬಾರದು.

ಈ ನಗರವನ್ನು ಕಟ್ಟಿದವರು ಬಿಸಿಲನ್ನು ಚೆನ್ನಾಗಿ ಅರಿತವರು. ಹೆರಾತಿನ ಅರಸ ಶಾರೂಖನ ರಾಯಭಾರಿಯಾಗಿ 1443ರಲ್ಲಿ ಬಂದ ಅಬ್ದುರ್ ರಜಾಕನು, ನಯವಾಗಿ ಕಡೆದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅರಮನೆಯ ಆವರಣದಲ್ಲಿ 1980ರ ದಶಕದ ಉತ್ಖನನದಿಂದ ಬೆಳಕಿಗೆ ಬಂದ ಮೆಟ್ಟಿಲುಗಳ ಪುಷ್ಕರಣಿಗೆ ನೀರು ತರುತ್ತಿದ್ದ ಕಲ್ಲಿನ ದೋಣಿಗಳು ಕಂಬಗಳ ಮೇಲೆ ಈಗಲೂ ನಿಂತಿವೆ. ಕಮಲ ಮಹಲಿನ ಕಮಾನುಗಳಲ್ಲಿ ನಾಲ್ಕು ದಿಕ್ಕಿನ ಗಾಳಿಯೂ ಸುಳಿಯುತ್ತದೆ. ಪೇಟೆಬೀದಿಗಳ ಇಕ್ಕೆಲದಲ್ಲಿ ಸಾಲು ಮಂಟಪಗಳಿವೆ. ಆ ಕಾಲದ ತುರ್ತಾ ಕಾಲುವೆ ಇಂದಿಗೂ ಗದ್ದೆತೋಟಗಳಿಗೆ ನೀರುಣಿಸುತ್ತಿದೆ. ನೀರು ಮತ್ತು ನೆರಳು ಇವೆರಡನ್ನೂ ಒದಗಿಸಿಕೊಂಡೇ ಅಂದಿನವರು ಇಲ್ಲಿ ಬಾಳಿದರು.

ಇಂದಿನ ಪ್ರವಾಸಿಗೂ ಅದೇ ದಾರಿ. ಸೂರ್ಯೋದಯಕ್ಕೆ ಮುನ್ನವೇ ಹೊರಟು ಹತ್ತು ಗಂಟೆಯೊಳಗೆ ತಂಗುದಾಣ ಸೇರುವುದು, ಸಂಜೆ ನಾಲ್ಕರ ಮೇಲೆ ಮತ್ತೆ ಹೊರಡುವುದು ಕ್ಷೇಮ. ತಲೆಗೆ ಟೋಪಿ ಅಥವಾ ಕೊಡೆ, ಮೈಗೆ ಸಡಿಲವಾದ ಹತ್ತಿಯ ಉಡುಪು ಇರಲಿ. ಬಾಯಾರಿಕೆಗೆ ಕಾಯದೆ ಆಗಾಗ ನೀರು ಕುಡಿಯಬೇಕು. ಮಜ್ಜಿಗೆ, ಎಳನೀರುಗಳೂ ಒಳ್ಳೆಯವೇ. ರಕ್ತದೊತ್ತಡಕ್ಕೆ ಔಷಧಿ ಸೇವಿಸುವ ಹಿರಿಯರು ಹೊರಡುವ ಮುನ್ನ ವೈದ್ಯರನ್ನು ಕೇಳುವುದು ಲೇಸು. ವಿಠ್ಠಲನ ಗುಡಿಯವರೆಗೆ ನಡೆಯಲಾರದವರಿಗೆ ಗೆಜ್ಜಲ ಮಂಟಪದ ಕಡೆಯಿಂದ ಬ್ಯಾಟರಿ ವಾಹನಗಳ ಸೌಕರ್ಯವಿದೆ.

ಬೆಂದ ಮೈಗೆ ತುಂಗಭದ್ರೆ ತಾಯಿಯಂತೆ ಕಾಣುವುದು ಸಹಜ. ಆದರೆ ಶಾಂತವಾಗಿ ತೋರುವ ನೀರಿನಡಿಯಲ್ಲಿ ಜಾರುವ ಬಂಡೆಗಳೂ ಸುಳಿಗಳೂ ಇವೆ, ಮೊಸಳೆಗಳೂ ಉಂಟು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ಎಚ್ಚರಿಕೆಯ ಫಲಕವಿದ್ದಲ್ಲಿ ಕಾಲಿಡಬಾರದು. ಮಕ್ಕಳ ಕೈ ಬಿಡಬಾರದು. ಹರಿಗೋಲು ಹತ್ತುವವರು ತೇಲುಕವಚವನ್ನು ಕೇಳಿ ತೊಡಬೇಕು. ಬೆಟ್ಟಗಳಲ್ಲಿ ಕರಡಿ, ಚಿರತೆಗಳ ಸಂಚಾರವಿರುವುದರಿಂದ ಮಾತಂಗ ಪರ್ವತವನ್ನೇರಿದವರು ಕತ್ತಲಾಗುವ ಮುನ್ನ ಇಳಿಯಬೇಕು.

ಆ ಸಂಸಾರ ಅಂದು ವಿಠ್ಠಲನ ಗುಡಿಗೆ ಹೋಗಲಿಲ್ಲ. ಸಂಜೆ ಹೇಮಕೂಟದ ಮೇಲೆ ಎಲ್ಲರೂ ಸೂರ್ಯಾಸ್ತಕ್ಕಾಗಿ ಕುಳಿತರು. ಕಲ್ಲಿನ ರಥವನ್ನು ನೋಡಲಿಲ್ಲವಲ್ಲಾ ಎಂದು ಹುಡುಗ ಪೇಚಾಡಿದ. “ನಾಳೆ ಐದು ಗಂಟೆಗೆ ಏಳಬೇಕು, ಎದ್ದೀಯಾ?” ಎಂದರು ತಂದೆ. ಹುಡುಗ ತಲೆಯಾಡಿಸಿ, ಪಕ್ಕದ ಬಂಡೆಯ ಮೇಲೆ ಅಂಗೈಯನ್ನಿಟ್ಟು ನೋಡಿದ. ಹೊತ್ತು ಮುಳುಗಿದ್ದರೂ ಕಲ್ಲಿನ ಕಾವು ಇನ್ನೂ ಆರಿರಲಿಲ್ಲ.