ಎಡಗೈಯ ಬಳೆಗಳು

ನಮ್ಮ ಸಂಘದಲ್ಲಿ ಹೆಣ್ಣುಮಕ್ಕಳು ನಾಲ್ಕು ಜನ ಕೂಡಿದರೆ ಸಕ್ಕರೆ ರೋಗದ ಮಾತು ಬರುತ್ತದೆ, ಮೊಣಕಾಲು ನೋವಿನ ಮಾತು ಬರುತ್ತದೆ. ಗರ್ಭಕೋಶ ತೆಗೆಸಿದ ಕಥೆಯನ್ನೂ ದನಿ ತಗ್ಗಿಸಿ ಹೇಳಿಕೊಳ್ಳುತ್ತೇವೆ. ಎದೆಯ ಗಂಟಿನ ಮಾತು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ನಾನೂ ಆಡಿದವಳಲ್ಲ. 2022ರ ಜುಲೈಯಲ್ಲಿ ಸ್ನಾನ ಮಾಡುವಾಗ ಎಡ ಎದೆಯಲ್ಲಿ ಅವರೆಕಾಳಿನಷ್ಟು ಗಟ್ಟಿಯಾದುದೇನೋ ಬೆರಳಿಗೆ ಹತ್ತಿತು. ನೋವಿರಲಿಲ್ಲ; ನೋವಿಲ್ಲವೆಂಬುದನ್ನೇ ಸಮಾಧಾನವೆಂದುಕೊಂಡೆ. ಕಚೇರಿಯಲ್ಲಿ ತಡವಾದ ಕಾಗದಗಳ ಮೇಲೆ ದಿನವೂ ಷರಾ ಬರೆಯುವ ನಾನು ನನ್ನ ಕಾಗದವನ್ನು ಮಾತ್ರ ಮೂರು ತಿಂಗಳು ಕಟ್ಟಿನಲ್ಲಿಯೇ ಇಟ್ಟಿದ್ದೆ. ನಮ್ಮವರಿಗೂ ಹೇಳಲಿಲ್ಲ.

ದೀಪಾವಳಿಗೆ ಅತ್ತೆಯವರು ಗದಗಿನಿಂದ ಡೊಂಬಿವಲಿಗೆ ಬಂದರು. ನರಕ ಚತುರ್ದಶಿಯ ನಸುಕಿನಲ್ಲಿ ವಾಡಿಕೆಯಂತೆ ಎಣ್ಣೆ ಹಚ್ಚುತ್ತ ತೋಳು ತಿಕ್ಕುತ್ತಿದ್ದವರ ಬೆರಳು ಕಂಕುಳಲ್ಲಿ ನಿಂತಿತು.

"ಇದು ಯಾವಾಗಿಂದ ಅದ?" ಎಂದರು.

ನಾನು ಸುಳ್ಳು ಹೇಳಲಾರದೆ ಹೋದೆ. ಅವರು ಬೈಯಲಿಲ್ಲ. ನೀರು ಹಾಕಿ, ತಲೆ ಒರೆಸಿ, ಹೊರಗೆ ಬಂದು ಮಗನಿಗೆ, "ಹಬ್ಬ ಅಂತ ಕೂಡಬ್ಯಾಡ, ಇಕಿನ್ನ ದವಾಖಾನಿಗೆ ಕರಕೊಂಡು ಹೋಗು," ಎಂದಷ್ಟೇ ಅಂದರು.

ಹೀಗೆ ನಾವು ಪರೇಲಿಗೆ ಹೋದೆವು. ಟಾಟಾ ಸ್ಮಾರಕ ಆಸ್ಪತ್ರೆಯನ್ನು ಅರಿಯದ ಮುಂಬಯಿಗರಿಲ್ಲ. ಆದರೆ ಒಳಗೆ ಕಾಲಿಡುವವರೆಗೆ ಅದು ಬೇರೆಯವರ ಊರಿದ್ದಂತೆ. ದೋರಾಬ್‌ಜಿ ಟಾಟಾ ಅವರ ಪತ್ನಿ ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ದೋರಾಬ್‌ಜಿಯವರ ಹೆಸರಿನ ಟ್ರಸ್ಟು 1941ರಲ್ಲಿ ಈ ಆಸ್ಪತ್ರೆಯನ್ನು ತೆರೆಯಿತು. 1962ರಿಂದ ಇದು ಕೇಂದ್ರ ಸರಕಾರದ ಅಣುಶಕ್ತಿ ಇಲಾಖೆಯ ಆಡಳಿತಕ್ಕೆ ಸೇರಿದೆ. ಹೊರಗಿನ ಫುಟ್‌ಪಾತಿನಲ್ಲಿ ಬಿಹಾರ, ಬಂಗಾಳಗಳಿಂದ ಬಂದವರು ಚಾಪೆ ಹಾಸಿ ಮಲಗಿದ್ದರು. ಸಂಜೆಗೆ ಲೋಕಲ್ ಹಿಡಿದು ಸ್ವಂತ ಮನೆಗೆ ಮರಳುವ ನಾನು ಅವರೆದುರು ಅಳುವುದಕ್ಕೆ ನಾಚಿದೆ.

ಸೂಜಿಯ ಪರೀಕ್ಷೆಯ ವರದಿ ಬಂತು. ಗಂಟು ಎರಡು ಕಡೆ ಇದ್ದುದರಿಂದ ಎಡ ಎದೆಯನ್ನು ಪೂರ್ತಿ ತೆಗೆಯಬೇಕು, ಜೊತೆಗೆ ಕಂಕುಳಿನ ಗ್ರಂಥಿಗಳನ್ನೂ ತೆಗೆಯಬೇಕು ಎಂದರು. ಹಿಂದೆ ಅಮೇರಿಕೆಯ ಹಾಲ್‌ಸ್ಟೆಡ್ ಎಂಬ ವೈದ್ಯರ ಪದ್ಧತಿಯಂತೆ ಎದೆಯ ಸ್ನಾಯುಗಳನ್ನೂ ಕತ್ತರಿಸಿಬಿಡುತ್ತಿದ್ದರಂತೆ. ಅಷ್ಟು ಕೊಯ್ದರೆ ಹೆಚ್ಚಿನ ಲಾಭವಿಲ್ಲವೆಂದೂ, ಅನೇಕರಿಗೆ ಎದೆಯನ್ನು ಉಳಿಸಿಯೇ ಗಂಟು ತೆಗೆಯಬಹುದೆಂದೂ ಇಟಲಿಯ ವೆರೊನೇಸಿ, ಅಮೇರಿಕೆಯ ಫಿಶರ್ ಇವರು 1980ರ ದಶಕದಲ್ಲಿ ತೋರಿಸಿಕೊಟ್ಟರು. ಆ ಅನೇಕರಲ್ಲಿ ನಾನಿರಲಿಲ್ಲ, ಅಷ್ಟೇ. ಇಂಗ್ಲಿಷ್ ಕಾದಂಬರಿಕಾರ್ತಿ ಫ್ಯಾನಿ ಬರ್ನಿ 1811ರಲ್ಲಿ ಪ್ಯಾರಿಸ್ಸಿನಲ್ಲಿ ಅರಿವಳಿಕೆಯೇ ಇಲ್ಲದೆ ಎದೆ ತೆಗೆಸಿಕೊಂಡು, ಅದನ್ನೆಲ್ಲ ತಂಗಿಯೋ ಅಕ್ಕನೋ ಒಬ್ಬ ಸೋದರಿಗೆ ಪತ್ರದಲ್ಲಿ ಬರೆದು, 1840ರವರೆಗೆ ಬದುಕಿದ್ದಳು. ಆ ದಿನಗಳಲ್ಲಿ ನನಗೆ ಆಕೆಯ ಪತ್ರಕ್ಕಿಂತ ಆ 1840 ಎಂಬ ಅಂಕಿಯೇ ಹೆಚ್ಚು ಧೈರ್ಯ ಕೊಟ್ಟಿತು.

ಶಸ್ತ್ರಕ್ರಿಯೆಯ ಮುಂಚೆ ಮೈಮೇಲಿನ ಒಡವೆಯೆಲ್ಲ ತೆಗೆಯಬೇಕಷ್ಟೆ. ತಾಳಿ, ಮೂಗುಬೊಟ್ಟು ತೆಗೆದೆ. ಹಸಿರು ಬಳೆಗಳನ್ನು ತೆಗೆಯಲು ಕೈ ಬರಲಿಲ್ಲ. ಮುತ್ತೈದೆಯ ಬರಿಗೈ ಕಂಡರೆ ಅತ್ತೆಯವರು ಏನನ್ನುವರೋ ಎಂದು ಅಂಜಿದ್ದೆ. ಅವರೇ ಸಾಬೂನು ಹಚ್ಚಿ, ಒಂದೂ ಒಡೆಯದಂತೆ ಜಾರಿಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಆಗ ಹೇಳಿದರು: "ನಮ್ಮಕ್ಕಗೂ ಇದ ಆಗಿತ್ತು. ಯಾರಿಗೂ ತೋರಿಸಲಿಲ್ಲ. ಸೆರಗು ಬಿಗಿಯಾಗಿ ಹೊಚಗೊಂಡ ಹೋದಳು." ಹದಿಮೂರು ವರ್ಷಗಳ ಸಂಸಾರದಲ್ಲಿ ಆ ಅಕ್ಕನ ಹೆಸರನ್ನು ನಾನು ಕೇಳಿದ್ದು ಅಂದೇ.

ಮನೆಗೆ ಬಂದಾಗ ಪಕ್ಕೆಯಿಂದ ಒಂದು ನಳಿಗೆ, ಅದರ ತುದಿಗೆ ಡಬ್ಬಿ. ಅದರಲ್ಲಿ ಕೂಡುವ ನೀರನ್ನು ದಿನವೂ ಅಳೆದು ಬರೆಯಬೇಕು; ದಿನಕ್ಕೆ 30 ಮಿಲಿಲೀಟರಿಗಿಂತ ಇಳಿದರೆ ನಳಿಗೆ ತೆಗೆಯುತ್ತೇವೆ ಎಂದಿದ್ದರು. ಅತ್ತೆಯವರು ಹಳೆಯ ಇಳಕಲ್ಲ ಸೀರೆಯಲ್ಲಿ ಡಬ್ಬಿಗೊಂದು ಚೀಲ ಹೊಲಿದು ನನ್ನ ಕೊರಳಿಗೆ ಹಾಕಿದರು. ನಮ್ಮವರು ಆವಕ-ಜಾವಕ ಪುಸ್ತಕದಂತೆ ಗೆರೆ ಎಳೆದು ಬರೆಯತೊಡಗಿದರು: 140, 110, 95. ರಕ್ತ ಕಂಡರೆ ತಲೆ ತಿರುಗುವ ಮನುಷ್ಯ! ಮೊದಲ ದಿನ ಅಳೆದಾದ ಮೇಲೆ ಬಚ್ಚಲಲ್ಲಿ ಹತ್ತು ನಿಮಿಷ ಕೂತಿದ್ದರು. ಜಡೆ ಹಾಕಲೂ ಕಲಿತರು. ಆ ಜಡೆಯನ್ನು ಹೊಗಳುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಮುಂದೆ ಕಿಮೋಥೆರಪಿಯಲ್ಲಿ ಕೂದಲೇ ಉದುರಿ ಆ ವಿದ್ಯೆ ವ್ಯರ್ಥವಾಯಿತು. ಎಂಟು ಹದಿನೇಳರ ಲೋಕಲಿನ ಮಹಿಳಾ ಡಬ್ಬಿಯ ಗೆಳತಿಯರು ಸರದಿಯ ಮೇಲೆ ಊಟ ಕಳಿಸಿದರು. ಮರಾಠಿ ವರಣ-ಭಾತ್, ಗುಜರಾತಿ ಖಿಚಡಿ. ಜೋಳದ ರೊಟ್ಟಿಯ ಅತ್ತೆಯವರು ಮೂಗು ಮುರಿಯದೆ ಉಂಡರು.

ಕೈ ಬಿಗಿಯದಿರಲೆಂದು ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತ ಮೇಲಕ್ಕೆ ಏರಿಸುವ ವ್ಯಾಯಾಮ ಹೇಳಿಕೊಟ್ಟಿದ್ದರು. ಮಗಳ ಎತ್ತರವನ್ನು ವರ್ಷ ವರ್ಷ ಗುರುತು ಮಾಡಿದ ಗೋಡೆಯ ಬಳಿಯೇ ನಿಂತೆ. ಮೊದಲ ದಿನ ನನ್ನ ಬೆರಳು ಅವಳ ನಾಲ್ಕನೆಯ ವಯಸ್ಸಿಗೆ ನಿಂತಿತು. ಅವಳು ಪೆನ್ಸಿಲಿನಿಂದ ಗೆರೆ ಹಾಕಿ, "ಅಮ್ಮಾ, ನಾಳೆ ಐದಕ್ಕೆ," ಎಂದಳು. ನೋವಿಗೆ ಕಣ್ಣಲ್ಲಿ ನೀರು ಬಂದರೂ ಆ ಹುಡುಗಿ ಒಂದು ದಿನವೂ ಬಿಡಲಿಲ್ಲ.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಟಾಟಾ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿ ಮುಂಬಯಿಯ ಬಡ ಬಸ್ತಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಇಪ್ಪತ್ತು ವರ್ಷ ಗಮನಿಸಿದರು. ಅವರಲ್ಲಿ ಅರ್ಧದಷ್ಟು ಜನರ ಎದೆಯನ್ನು ತರಬೇತಾದ ಆರೋಗ್ಯ ಸೇವಕಿಯರು ಎರಡು ವರ್ಷಕ್ಕೊಮ್ಮೆ, ನಾಲ್ಕು ಸಲ ಕೈಯಿಂದಲೇ ಪರೀಕ್ಷಿಸಿದ್ದರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು: ಐವತ್ತು ದಾಟಿದವರಲ್ಲಿ ಈ ರೋಗದ ಸಾವು ಶೇಕಡಾ 30ರಷ್ಟು ಇಳಿದಿತ್ತು. ನನ್ನಂಥ ಕಿರಿಯರಲ್ಲಿ ಆ ಲಾಭ ಕಾಣಲಿಲ್ಲವೆಂಬುದೂ ನಿಜ. ಆದರೆ ಗಂಟು ಕೈಗೆ ಹತ್ತಿದ ಮೇಲೂ ಸುಮ್ಮನೆ ಕೂಡಲು ಅದು ನೆವವಲ್ಲ.

ಈಗ ನಾನು ಮತ್ತೆ ಕಚೇರಿಗೆ ಹೋಗುತ್ತಿದ್ದೇನೆ. ಆರು ತಿಂಗಳಿಗೊಮ್ಮೆ ಪರೇಲಿಗೆ ಹೋಗುವಾಗ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ಎಡಗೈ ತುಸು ಬಾತಿದೆ. ಸೆರಗಿನ ಗಂಟಿನಿಂದ ಬಿಚ್ಚಿಕೊಟ್ಟ ಬಳೆಗಳು ಆ ಕೈಗೆ ಏರಲಿಲ್ಲ. ಕಳೆದ ಸಲ ಗದಗಿಗೆ ಹೋದಾಗ ಅತ್ತೆಯವರು ಬಳೆ ಅಂಗಡಿಗೆ ಕರೆದೊಯ್ದು, "ಬಲಗೈಗೆ ಎರಡು-ಆರು, ಎಡಗೈಗೆ ಎರಡು-ಎಂಟು ಕೊಡಪಾ," ಎಂದರು.

"ಹಂಗ ಬರೂದಿಲ್ಲ ಅಜ್ಜಿ, ಡಜನ್ನಿಗೆ ಒಂದ ಅಳತಿ," ಎಂದ ಅಂಗಡಿಯವ.

"ಹಂಗಾದರ ಎರಡು ಡಜನ್ ಕಟ್ಟು," ಎಂದು ಸೊಂಟದ ಚೀಲ ಬಿಚ್ಚಿದರು.