ಪುಟ್ಟ ರೈಲಿನ ಪಕ್ಕದಲ್ಲಿ ಹುಲ್ಲು

ನಿವೃತ್ತರಾದ ಗಂಡಸರಿಗೆ ಒಂದು ಹವ್ಯಾಸ ಇರಬೇಕು ಅಂತ ನೀವೂ ಕೇಳಿರುತ್ತೀರಿ, ನಾಲ್ಕು ಜನಕ್ಕೆ ಹೇಳಿಯೂ ಇರುತ್ತೀರಿ. ಇಲ್ಲದಿದ್ದರೆ ಅವರು ಅಡುಗೆಮನೆಗೆ ಬಂದು ಒಂದೊಂದೇ ಡಬ್ಬದ ಮುಚ್ಚಳ ತೆಗೆದು ನೋಡುತ್ತಾ ನಿಲ್ಲುತ್ತಾರೆ. ಕೆಲವರು ಕುಂಡದಲ್ಲಿ ಗುಲಾಬಿ ಬೆಳೆಸುತ್ತಾರೆ, ಕೆಲವರು ಅಂಚೆಚೀಟಿ ಕೂಡಿಸುತ್ತಾರೆ. ನಮ್ಮವರು ರೈಲು ಕಟ್ಟುತ್ತಾರೆ. ಮಕ್ಕಳ ಕೀಲಿ ರೈಲಲ್ಲ, ನಿಜವಾದ ರೈಲನ್ನು 160 ಪಾಲು ಕುಗ್ಗಿಸಿದ ರೈಲು. ಈ ಅಳತೆಗೆ 'ಎನ್' ಅಂತ ಹೆಸರು. ಇದಕ್ಕಿಂತ ಚಿಕ್ಕವೂ ಇವೆ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1972ರಲ್ಲಿ ಹೊರತಂದ 'ಜೆಡ್' ಅಳತೆಯಲ್ಲಿ 220 ಪಾಲು ಕುಗ್ಗಿಸುತ್ತಾರೆ. ಜಪಾನಿನವರ 'ಟಿ' ಅಳತೆಯಲ್ಲಂತೂ 450 ಪಾಲು! ಅದರ ಹಳಿಗಳ ನಡುವಿನ ಅಂತರ ಮೂರೇ ಮಿಲಿಮೀಟರು.

ಇಷ್ಟು ಚಿಕ್ಕದು ಯಾಕೆ ಅಂತ ಕೇಳಿದರೆ ಉತ್ತರ ಸುಲಭ. ರೈಲ್ವೆ ಕ್ವಾರ್ಟರ್ಸಿನ ಅಂಗಳ ಬಿಟ್ಟು ಬೆಂಗಳೂರಿನ ಎರಡು ಕೋಣೆಯ ಫ್ಲ್ಯಾಟಿಗೆ ಬಂದವರು ನಾವು. ಮೂರಡಿ ಉದ್ದ, ಒಂದೂವರೆ ಅಡಿ ಅಗಲದ ಪ್ಲೈವುಡ್ ಹಲಗೆ ಮಂಚದ ಕೆಳಗೆ ಸೇರಿಕೊಳ್ಳುತ್ತದೆ. ಆ ಹಲಗೆಯ ಮೇಲೆ ಇವರು ಕಟ್ಟಿದ್ದು ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯ ಒಂದು ಪುಟ್ಟ ಸ್ಟೇಷನ್ನು. 1984ರಿಂದ ನಾಲ್ಕು ವರ್ಷ ನಾವು ಅಲ್ಲಿದ್ದೆವು. ಆಗ ಅದು ಮೀಟರ್ ಗೇಜ್ ಲೈನು. ಐವತ್ತೇಳು ಸುರಂಗ, ಲೆಕ್ಕವಿಲ್ಲದಷ್ಟು ಸೇತುವೆ. ಆಮೇಲೆ ಬ್ರಾಡ್ ಗೇಜ್ ಮಾಡಲು ಲೈನನ್ನು ಮುಚ್ಚಿ, 2007ರ ಡಿಸೆಂಬರಿನಲ್ಲಿ ಪ್ಯಾಸೆಂಜರ್ ಗಾಡಿ ಮತ್ತೆ ಬಿಟ್ಟರು. ನಾವು ನೋಡಿದ ಆ ಚಿಕ್ಕ ಹಳಿ ಈಗ ಅಲ್ಲಿಲ್ಲ, ನಮ್ಮ ಮಂಚದ ಕೆಳಗಿದೆ. ಒಂದು ಮೀಟರನ್ನು 160ರಿಂದ ಭಾಗಿಸಿದರೆ ಆರೂಕಾಲು ಮಿಲಿಮೀಟರು. 'ಜೆಡ್' ಹಳಿಯ ಅಗಲ ಆರೂವರೆ. ಹಾಗಾಗಿ ಹಳಿ ಜರ್ಮನಿಯದು, ಗಾಡಿಯ ಮೈ ನಮ್ಮ ಮನೆಯ ರಟ್ಟಿನದು.

ಹಳಿ ಓಡಿತು, ಸಿಗ್ನಲ್ ಕೈ ಎತ್ತಿತು. ಆದರೆ ನೆಲ? ಇವರು ಮರದ ಹೊಟ್ಟಿಗೆ ಹಸಿರು ಬಣ್ಣ ಕಲಸಿ ಹಲಗೆಯ ತುಂಬ ಒಂದೇ ಸಮ ಉದುರಿಸಿಬಿಟ್ಟರು. ಥೇಟ್ ಮದುವೆ ಛತ್ರದ ಕಾರ್ಪೆಟ್ಟು! "ಹೇಗಿದೆಯೇ?" ಅಂದರು. "ಸ್ಟೇಷನ್ ಚೆನ್ನಾಗಿದೆ, ಊರು ಯಾವುದು?" ಅಂದೆ. ಎರಡು ದಿನ ಮಾತಿಲ್ಲ. ಮೂರನೆಯ ದಿನ ಹಲಗೆ ತಂದು ಊಟದ ಮೇಜಿನ ಮೇಲಿಟ್ಟು, "ಹಾಗಾದರೆ ಹುಲ್ಲು ನೀನೇ ಮಾಡು" ಅಂದರು. ಅಂದಿನಿಂದ ಆ ಖಾತೆ ನನ್ನದು.

ನಮ್ಮಂಥವರಿಗೆ ಇದು ತೀರಾ ಹೊಸ ಕೆಲಸವೇನಲ್ಲ. ಮೈಸೂರಿನ ಕಡೆಯವರು ನವರಾತ್ರಿಯ ಗೊಂಬೆಗಳ ಮುಂದೆ ತಟ್ಟೆಯಲ್ಲಿ ರಾಗಿ ಬಿತ್ತಿ ಪಾರ್ಕು ಮಾಡುವುದಿಲ್ಲವೇ? ಆದರೆ ಇಲ್ಲಿ ಲೆಕ್ಕವೇ ಬೇರೆ. ಮೂರಿಂಚಿನ ರಾಗಿ ಪೈರು ಈ ಅಳತೆಯಲ್ಲಿ ನಲವತ್ತಡಿಯ ಮರ! ನನ್ನ ಎತ್ತರ 160 ಸೆಂಟಿಮೀಟರು. ಈ ಹಲಗೆಯ ಮೇಲೆ ನಾನು ನಿಂತರೆ ಸರಿಯಾಗಿ ಒಂದೇ ಸೆಂಟಿಮೀಟರು. ಅಂದಮೇಲೆ ನನ್ನ ಪಾದ ಮುಳುಗುವ ಹುಲ್ಲು ಒಂದು ಮಿಲಿಮೀಟರಿಗಿಂತ ಕಡಿಮೆ. ಎರಡು ಮಿಲಿಮೀಟರು ಅಂದರೆ ಒಂದಡಿ ಹುಲ್ಲು, ಆರು ಮಿಲಿಮೀಟರು ಅಂದರೆ ಸೊಂಟದುದ್ದ. ಈ ಲೆಕ್ಕ ಒಂದು ತಲೆಯಲ್ಲಿ ಕೂತರೆ ಅರ್ಧ ಕೆಲಸ ಆದಂತೆ. 'ಟಿ' ಅಳತೆಯವರಿಗೆ ಒಂದು ಮಿಲಿಮೀಟರಿನ ಎಳೆಯೇ ಒಂದೂವರೆ ಅಡಿ. ಅಂಥವರು ಎಳೆಯ ಗೊಡವೆಗೆ ಹೆಚ್ಚು ಹೋಗದೆ, ನುಣ್ಣಗಿನ ಸ್ಪಂಜಿನ ಪುಡಿಯನ್ನೇ ಉದುರಿಸುವುದು ಒಳ್ಳೆಯದು.

ನಾನು ಅನುಸರಿಸುವ ಕ್ರಮ ಹೇಳುತ್ತೇನೆ. ಮೊದಲು ಮಣ್ಣು. ಒಣಗಿದ ಕೆಂಪು ಮಣ್ಣನ್ನು ಹಳೇ ಬಾಣಲೆಯಲ್ಲಿ ಹುರಿದುಕೊಳ್ಳಿ, ಹುಳು-ಗಿಳು ಇದ್ದರೆ ಹೋಗುತ್ತದೆ. ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಆಮೇಲೆ ಒಂದು ಅಯಸ್ಕಾಂತ ಆಡಿಸಿ. ಮಣ್ಣಿನಲ್ಲಿ ಕಬ್ಬಿಣದ ಕಣವಿದ್ದರೆ ಎಂಜಿನ್ನಿನ ಮೋಟಾರು ಎಳೆದುಕೊಂಡು ಕೆಡುತ್ತದೆ. ಹಲಗೆಗೆ ಮಣ್ಣಿನ ಬಣ್ಣ ಬಳಿದು, ಫೆವಿಕಾಲ್ ಸವರಿ, ಟೀ ಸೋಸುವ ಜಾಲರಿಯಿಂದ ಮಣ್ಣು ಉದುರಿಸಿ. ಒಂದು ರಾತ್ರಿ ಒಣಗಲಿ.

ಆಮೇಲೆ ಹುಲ್ಲು. ನೈಲಾನ್ ಎಳೆಗಳನ್ನು ಒಂದು, ಎರಡು, ನಾಲ್ಕು, ಆರು ಮಿಲಿಮೀಟರಿಗೆ ಕತ್ತರಿಸಿ ಪೊಟ್ಟಣದಲ್ಲಿ ಮಾರುತ್ತಾರೆ. ಇವನ್ನು ಸುಮ್ಮನೆ ಉದುರಿಸಿದರೆ ಮಲಗಿಬಿಡುತ್ತವೆ. ನಿಲ್ಲಿಸುವುದಕ್ಕೆ ಒಂದು ಉಪಕರಣವಿದೆ, ಮಗ ಜರ್ಮನಿಗೆ ಹೋದಾಗ ತಂದುಕೊಟ್ಟ. ನೋಡಲು ಹಿಡಿ ಇರುವ ಜರಡಿ. ಅದರ ಒಂದು ತಂತಿಯನ್ನು ಹಸಿ ಗೋಂದಿನೊಳಗೆ ಚುಚ್ಚಿದ ಮೊಳೆಗೆ ಸಿಕ್ಕಿಸಿ, ಗುಂಡಿ ಒತ್ತಿ, ಒಂದಿಂಚು ಮೇಲಿನಿಂದ ಅಲುಗಾಡಿಸಿದರೆ ಎಳೆಗಳು ಸೆಟೆದು ನಿಂತುಕೊಳ್ಳುತ್ತವೆ. ಮಾಯವಲ್ಲ. ಜರಡಿಗೂ ಗೋಂದಿಗೂ ನಡುವೆ ವಿದ್ಯುತ್ತಿನ ಸೆಳೆತವಿರುತ್ತದೆ, ಎಳೆಗಳು ಅದರ ದಿಕ್ಕಿಗೆ ಮುಖಮಾಡಿ ಇಳಿಯುತ್ತವೆ. ಒಂದನ್ನೊಂದು ದೂಡುವುದರಿಂದ ಬಿಡಿಬಿಡಿಯಾಗಿಯೂ ನಿಲ್ಲುತ್ತವೆ. ಹಳೇ ಟಿ.ವಿ.ಯ ಗಾಜಿನ ಹತ್ತಿರ ಕೈ ಒಯ್ದರೆ ರೋಮ ಏಳುತ್ತಿತ್ತಲ್ಲ, ಅದೇ ಗುಣ. ಒಡವೆ ಪೆಟ್ಟಿಗೆಯೊಳಗಿನ ಮಖಮಲ್ಲಿನಂಥ ಒಳಮೈಯನ್ನೂ ಕಾರ್ಖಾನೆಗಳಲ್ಲಿ ಹೀಗೆಯೇ ಮಾಡುತ್ತಾರೆ.

ಗೋಂದು ನೀರುದೋಸೆ ಹಿಟ್ಟಿನ ಹದಕ್ಕಿರಲಿ, ಒಂದು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿದರೆ ಚೆನ್ನಾಗಿ ಹರಡುತ್ತದೆ. ಒಮ್ಮೆಗೆ ಅಂಗೈಯಗಲ ಮಾತ್ರ ಸವರಿ, ಇಲ್ಲದಿದ್ದರೆ ಕೆನೆಗಟ್ಟುತ್ತದೆ. ಮೊದಲು ಗಿಡ್ಡ ಎಳೆ. ಒಣಗಿದ ಮೇಲೆ ಕೂದಲಿಗೆ ಹೊಡೆಯುವ ಸ್ಪ್ರೇ ತೆಳುವಾಗಿ ಹೊಡೆದು, ಅಲ್ಲಲ್ಲಿ ಮಾತ್ರ ಉದ್ದ ಎಳೆ. ಹೆಚ್ಚಾದದ್ದನ್ನು ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಹಳೇ ವಾಯಿಲ್ ಸೀರೆಯ ತುಂಡು ಕಟ್ಟಿ ಎಳೆದುಕೊಂಡರೆ ಪುನಃ ಬಳಸಬಹುದು. ಮಳೆಗಾಲದ ತೇವದ ದಿನ ಈ ಕೆಲಸ ಬೇಡ, ಎಳೆ ಗಂಟುಕಟ್ಟುತ್ತದೆ. ಹಳಿಯ ಮೇಲೆ ಟೇಪು ಅಂಟಿಸಿ, ಎಂಜಿನ್ ತೆಗೆದಿಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಉಪಕರಣದ ಹತ್ತಿರ ಬರಲೇಬಾರದು.

ಇನ್ನು ಬಣ್ಣ. ಅಂಗಡಿಯವರು ಕೊಡುವ ಗಿಣಿ ಹಸಿರನ್ನು ಹಾಗೇ ಬಳಸಬೇಡಿ. ದೂರದ ಬೆಟ್ಟ ಮಂಕಾಗಿ ಕಾಣುವುದನ್ನು ನೀವು ನೋಡಿದ್ದೀರಿ. ಚಿಕ್ಕ ರೈಲನ್ನು ನೋಡುವುದೆಂದರೆ ದೊಡ್ಡ ರೈಲನ್ನು ದೂರದಿಂದ ನೋಡಿದ ಹಾಗೆ, ಬಣ್ಣವೂ ಮಂಕಾಗಿಯೇ ಇರಬೇಕು. ಹಸಿರಿಗೆ ಒಣಹುಲ್ಲಿನ ಹಳದಿ, ಸ್ವಲ್ಪ ಕಂದು ಬೆರೆಸಿ.

ಇಲ್ಲಿಯೇ ನೋಡಿ ವಿಷಯ ಬಂದದ್ದು. "ಯಾವ ತಿಂಗಳ ಹುಲ್ಲು ಹಾಕಲಿ?" ಅಂತ ಇವರನ್ನು ಕೇಳಿದೆ. "ಹುಲ್ಲಿಗೆ ಎಂಥಾ ತಿಂಗಳೇ?" ಅಂದರು. ಪಾಯಿಂಟ್ಸು ಎಷ್ಟು ಗಜ ದೂರ, ಟೋಕನ್ ಯಾರ ಕೈಗೆ ಎಲ್ಲಿ ಕೊಡುತ್ತಿದ್ದರು, ಎಲ್ಲ ನೆನಪಿದೆ. ಹುಲ್ಲು ನೆನಪಿಲ್ಲ. ನನಗೆ ಅದೇ ನೆನಪು. ಆ ನಾಲ್ಕು ವರ್ಷ ನನಗೆ ಗಡಿಯಾರ, ಕ್ಯಾಲೆಂಡರು ಎಲ್ಲಾ ಅದೇ. ಜೂನಿನಲ್ಲಿ ಪಾದ ಮುಚ್ಚುತ್ತಿತ್ತು, ಆಗಸ್ಟಿಗೆ ಸೊಂಟಕ್ಕೆ ಬರುತ್ತಿತ್ತು, ಒಳಗೆಲ್ಲ ಜಿಗಣೆ. ದೀಪಾವಳಿ ಕಳೆದ ಮೇಲೆ ತುದಿ ಹಳದಿಯಾಗಿ, ಶಿವರಾತ್ರಿಗೆ ಗುಡ್ಡವೆಲ್ಲ ಒಣಗಿ ನಿಲ್ಲುತ್ತಿತ್ತು. ಚರಂಡಿಯ ಪಕ್ಕ ಮಾತ್ರ ಹಸಿರು.

ಹಲಗೆಯನ್ನು ತಿರುಗಿಸಿ ನೋಡಿದೆ. ಸ್ಟೇಷನ್ನಿದೆ, ಕ್ವಾರ್ಟರ್ಸಿದೆ, ಬಾವಿಯಿದೆ. ಒಂದರಿಂದ ಒಂದಕ್ಕೆ ದಾರಿಯೇ ಇಲ್ಲ. "ಏನ್ರೀ, ನಾನು ನೀರಿಗೆ ಹಾರಿಕೊಂಡು ಹೋಗುತ್ತಿದ್ದೆನೇ?" ಅಂದೆ. ಅವರಿಗೆ ಏನೂ ಹೇಳಲು ತೋಚಲಿಲ್ಲ. ತಪ್ಪು ಅವರದಲ್ಲ. ಕ್ವಾರ್ಟರ್ಸಿನಿಂದ ಬಾವಿಗೆ ಅವರು ದಿನವೂ ನಡೆದವರಲ್ಲ. ನಡೆದವಳು ನಾನು. ಕಂಕುಳಲ್ಲಿ ಮಗು, ಕೈಯಲ್ಲಿ ಕೊಡ, ಹಾವಿನ ಭಯಕ್ಕೆ ವಾರಕ್ಕೊಮ್ಮೆ ಕುಡುಗೋಲು ಹಿಡಿದು ದಾರಿಯನ್ನು ನಾನೇ ಬಿಡಿಸಿಕೊಳ್ಳುತ್ತಿದ್ದೆ.

ದಾರಿ ಮಾಡಿದೆ. ಒಂದೂವರೆ ಅಡಿಯ ಕಾಲುದಾರಿ ಇಲ್ಲಿ ಮೂರು ಮಿಲಿಮೀಟರು. ಆ ಅಗಲಕ್ಕೆ ಟೇಪಿನ ಸಣ್ಣ ಸಣ್ಣ ತುಂಡು ಕತ್ತರಿಸಿ, ಬಂಡೆ ಇದ್ದ ಕಡೆ ಬಳಸಿ, ಹಲಸಿನ ಬುಡದಲ್ಲಿ ಸ್ವಲ್ಪ ತಿರುಗಿಸಿ ಅಂಟಿಸಿದೆ. ನಡೆದ ದಾರಿ ಯಾವತ್ತೂ ನೇರವಿರುವುದಿಲ್ಲ. ಅಂಚಿಗೆ ಒಂದು ಮಿಲಿಮೀಟರಿನ ಎಳೆ, ಕಾಲು ತುಳಿಯುವ ಜಾಗ ಅದು. ಆಚೆಗೆ ಎರಡು, ಅದರಾಚೆ ನಾಲ್ಕು. ಬಾವಿಯ ಸುತ್ತ ಬರಿ ಮಣ್ಣು. ಟೇಪು ಕಿತ್ತಾಗ ಕೆಂಪು ದಾರಿ ಎದ್ದು ಕಂಡಿತು. ಹುಲ್ಲು ಇಲ್ಲದಿದ್ದರೆ ದಾರಿಯೂ ಕಾಣುವುದಿಲ್ಲ ಅಂತ ನನಗೂ ಆಗಲೇ ಹೊಳೆದದ್ದು.

ಇವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಅಲ್ಲಿ ನಿನಗೆ ಭಯ ಆಗ್ತಿತ್ತೇನೇ?" ಹೆಚ್ಚುಕಡಿಮೆ ನಲವತ್ತು ವರ್ಷದಲ್ಲಿ ಈ ಪ್ರಶ್ನೆ ಮೊದಲ ಸಲ ಬಂತು. "ಹುಲ್ಲು ಬೆಳೆದಾಗ ಮಾತ್ರ" ಅಂದೆ. ಅವರು ತಲೆಯಾಡಿಸಿದರು. ಆ ರಾತ್ರಿ ಊಟಕ್ಕೆ ಕೂತಾಗ ಆ ವರ್ಷಗಳ ಮಾತು ಒಂದೊಂದೇ ಬಂದವು. ಕೆಲವನ್ನು ನಾನು ಹೇಳಿದೆ, ಕೆಲವನ್ನು ಅವರು. ರಾತ್ರಿ ಪಾಳಿಯಲ್ಲಿ ನಮ್ಮ ಮನೆಯ ಲಾಟೀನು ಕಾಣುತ್ತದೆಯೇ ಅಂತ ಅವರು ಆಗಾಗ ಎದ್ದು ಬಂದು ನೋಡುತ್ತಿದ್ದರಂತೆ. ನನಗೆ ಅದು ಗೊತ್ತೇ ಇರಲಿಲ್ಲ.

ನಿಮ್ಮ ಮನೆಯಲ್ಲೂ ಗಂಡನೋ, ಮಗನೋ, ಮೊಮ್ಮಗನೋ ಇಂಥ ಪುಟ್ಟ ರೈಲು ಕಟ್ಟುತ್ತಿದ್ದರೆ, ಹಳಿ, ಎಂಜಿನ್ನು ಅವರಿಗಿರಲಿ. ನೆಲವನ್ನು ನೀವು ಕೇಳಿ ತೆಗೆದುಕೊಳ್ಳಿ. ಜರಡಿ ಹಿಡಿಯುವುದು, ಹದ ನೋಡುವುದು, ರಂಗೋಲಿಯಂತೆ ಕೈ ತಡೆದು ಉದುರಿಸುವುದು ನಮಗೆ ಕಲಿಸಬೇಕಾದ್ದಲ್ಲ. ಎಲ್ಲಕ್ಕಿಂತ ಮೊದಲು ಒಂದು ನಿಜವಾದ ಜಾಗ, ಒಂದು ತಿಂಗಳು ಆರಿಸಿಕೊಳ್ಳಿ. ಅಲ್ಲಿ ಯಾರು ಎಲ್ಲಿಂದ ಎಲ್ಲಿಗೆ ನಡೆಯುತ್ತಿದ್ದರು ಅಂತ ಯೋಚಿಸಿ, ಆ ದಾರಿ ಬಿಟ್ಟು ಮಿಕ್ಕ ಕಡೆ ಹುಲ್ಲು ಬೆಳೆಸಿ.