ಬಾಯೊಳಗಿನ ತೊಟ್ಟಿಲು

ಮೀನಿಗೆ ಕೈಯಿಲ್ಲ. ಹೆಕ್ಕುವುದು, ಕೆರೆಯುವುದು, ಗುಂಡಿ ತೋಡುವುದು, ಜಗಳ ಕಾಯುವುದು ಎಲ್ಲ ಬಾಯಲ್ಲೇ ಆಗಬೇಕು. ಆಫ್ರಿಕದ ಸಿಕ್ಲಿಡ್ ಮೀನುಗಳನ್ನು ನೋಡಲು ಕೂತರೆ ನನ್ನ ಕಣ್ಣು ಬಣ್ಣ ಬಿಟ್ಟು ಬಾಯಿಗೇ ಹೋಗುವುದು ಅದಕ್ಕೆ. ಮಲಾವಿ ಸರೋವರದ ಬಂಡೆಗಳ ಸಂದಿಯಲ್ಲಿ ಹಳದಿ, ನೀಲಿ, ಕಿತ್ತಳೆ ಬೇಕಾದಷ್ಟಿದೆ. ಬಾಯಿಗಳ ಬಗೆ ನೋಡಿದ ಮೇಲೆ ಅದೂ ಸಪ್ಪೆಯೇ.

ಬಂಡೆಯ ಪಾಚಿ ಕೆರೆಯುವುದಕ್ಕೆ ಒಂದು ಬಾಯಿ, ಮರಳನ್ನು ಸೋಸುವುದಕ್ಕೆ ಇನ್ನೊಂದು. ಇದಲ್ಲದೆ ಗಂಟಲೊಳಗೆ ಎರಡನೆಯ ದವಡೆ! ಹೊರಗಿನದು ಹಿಡಿದರೆ ಒಳಗಿನದು ಅರೆಯುತ್ತದೆ. ಅರೆಯುವ ಹೊರೆ ಇಳಿದದ್ದರಿಂದಲೇ ಹೊರಬಾಯಿ ಬೇಕಾದ ರೂಪ ತಾಳಿತು, ಇಷ್ಟೊಂದು ಜಾತಿ ಹುಟ್ಟಿತು ಎನ್ನುವ ವಿಜ್ಞಾನಿಗಳಿದ್ದಾರೆ.

ಟ್ಯಾಂಗನೀಕ ಸರೋವರದ ಪೆರಿಸೋಡಸ್ ಮೀನಿನ ಊಟ ಬೇರೆ ಮೀನುಗಳ ಹುರುಪೆ. ಕೆಲವಕ್ಕೆ ಬಾಯಿ ಎಡಕ್ಕೆ ಸೊಟ್ಟ, ಕೆಲವಕ್ಕೆ ಬಲಕ್ಕೆ. ಹಿಂದಿನಿಂದ ಬಂದು ತನ್ನ ಸೊಟ್ಟಕ್ಕೆ ಒಗ್ಗುವ ಪಕ್ಕಕ್ಕೇ ಬಾಯಿ ಹಾಕುತ್ತದೆ. ಒಂದು ಬಗೆಯವು ಹೆಚ್ಚಾದರೆ ಬಲಿಮೀನುಗಳು ಆ ಪಕ್ಕವನ್ನೇ ಕಾಯತೊಡಗುತ್ತವೆ, ಆಗ ಇನ್ನೊಂದು ಬಗೆಯವಕ್ಕೆ ಸುಗ್ಗಿ. ಹೀಗಾಗಿ ಎರಡೂ ಹೆಚ್ಚುಕಡಿಮೆ ಸಮವಾಗಿಯೇ ಉಳಿಯುತ್ತವೆ. ಜಪಾನಿನ ಮಿಚಿಯೊ ಹೋರಿ 1993ರಲ್ಲಿ ಇದನ್ನು ಲೋಕಕ್ಕೆ ತೋರಿಸಿದರು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ತಾಯಿಯ ಬಾಯಿ. ಪರಿಚಯದವರ ಮನೆಯ ತೊಟ್ಟಿಯಲ್ಲಿ ಮಲಾವಿಯ ಹಳದಿ ಮೀನೊಂದು, ಅಂಗಡಿಯವರ ಬಾಯಲ್ಲಿ ಯೆಲ್ಲೋ ಲ್ಯಾಬ್, ಮೂಲೆಯ ಕಲ್ಲಿನ ಹಿಂದೆ ನಿಂತಿತ್ತು. ಗಲ್ಲದ ಕೆಳಗೆ ಉಬ್ಬು. ಕಾಳು ಹಾಕಿದರೆ ಉಳಿದವು ಮುಗಿಬಿದ್ದವು, ಇದು ಮಾತ್ರ ಕದಲಲಿಲ್ಲ. ಆಗಾಗ ಅಗಿಯುವಂತೆ ದವಡೆ ಆಡಿಸುತ್ತಿತ್ತು. ಬಾಯೊಳಗಿನ ಮೊಟ್ಟೆಗಳನ್ನು ಹೊರಳಿಸಿ ಹೊಸ ನೀರು ತಾಕಿಸುವ ರೀತಿ ಅದು. ಸುಮಾರು ಮೂರು ವಾರ ಹೀಗೇ, ಹೆಚ್ಚುಕಡಿಮೆ ಉಪವಾಸ. ಮರಿಗಳು ಈಜುವಷ್ಟಾದ ಮೇಲೆಯೇ ಅವನ್ನು ಹೊರಗೆ ಬಿಡುವುದು. ಇಂಥ ಜಾತಿಗಳು ಎಷ್ಟೋ ಇವೆ. ಹಲವುಗಳಲ್ಲಿ ಗಂಡಿನ ಹಿಂಬದಿಯ ಈಜುರೆಕ್ಕೆಯ ಮೇಲೆ ಮೊಟ್ಟೆಯಂಥ ಹಳದಿ ಚುಕ್ಕೆಗಳಿರುತ್ತವೆ. ಹೆಣ್ಣು ಅವನ್ನು ಹೆಕ್ಕಲು ಬಾಯಿ ಒಯ್ದಾಗ ಗಂಡು ವೀರ್ಯ ಬಿಡುತ್ತದೆ, ಫಲವಾಗುವುದು ಬಾಯೊಳಗೇ.

ನಮ್ಮ ಸಂತೆಗಳಲ್ಲಿ ಜಿಲೇಬಿ ಎಂದು ಮಾರುವ ತಿಲಾಪಿಯವೂ ಈ ಬಳಗದ್ದೇ. ಮೊಜಾಂಬಿಕ್ ತಿಲಾಪಿಯ 1952ರಲ್ಲಿ ಭಾರತಕ್ಕೆ ಬಂತು. ಅದರ ತಾಯಿಯೂ ಮರಿಗಳನ್ನು ಬಾಯಲ್ಲಿಟ್ಟು ಕಾಯುವವಳು. ನಮ್ಮ ಕೆರೆಗಳಲ್ಲಿ ಅದು ಬೇಗ ಬೇರೂರಿದ್ದಕ್ಕೆ ಆ ಬಾಯಿಯ ಪಾಲೂ ಇದೆ.

ಆದರೆ ಈ ಕಾವಲು ವಿಕ್ಟೋರಿಯ ಸರೋವರದಲ್ಲಿ ನಡೆಯಲಿಲ್ಲ. ಆ ಸರೋವರ ಸುಮಾರು 15,000 ವರ್ಷಗಳ ಹಿಂದೆ ಬತ್ತಿತ್ತೆಂದು ಅಂದಾಜು. ಮತ್ತೆ ತುಂಬಿದ ಮೇಲೆ ನೂರಾರು ಜಾತಿಯ ಸಿಕ್ಲಿಡ್‌ಗಳು ಅಲ್ಲಿ ಬಾಳಿದವು. 1950ರ ದಶಕದಲ್ಲಿ ನೈಲ್ ಪರ್ಚ್ ಎಂಬ ದೈತ್ಯ ಮೀನನ್ನು ತಂದು ಬಿಟ್ಟರು. ಅದರ ಬಾಯಿಗೆ ಸಿಕ್ಕಿ 1980ರ ದಶಕದಲ್ಲಿ ಜಾತಿಗೆ ಜಾತಿಯೇ ಕಾಣೆಯಾಗತೊಡಗಿತು. ಹೊಲ, ಊರುಗಳ ಕೊಳೆ ಸೇರಿ ನೀರೂ ಕದಡಿತು. ಬಣ್ಣ ನೋಡಿ ಗಂಡನ್ನು ಆರಿಸುವ ಹೆಣ್ಣುಗಳಿಗೆ ಕೆಂಪು ಯಾವುದು, ನೀಲಿ ಯಾವುದು ತಿಳಿಯದಾಗಿ, ಹತ್ತಿರದ ಜಾತಿಗಳು ಬೆರೆತುಹೋದವು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಲ್ಲಿನ ಕೆಲವು ಜಾತಿಗಳನ್ನು ಈಗ ದೂರದ ದೇಶಗಳ ಅಕ್ವೇರಿಯಂಗಳಲ್ಲಿ ಸಾಕುತ್ತಿದ್ದಾರೆ, ಮರಿಯಿಂದ ಮರಿಗೆ ವಂಶ ಉಳಿಸುತ್ತಿದ್ದಾರೆ. ಆ ಸಾಕುವವರ ಬಗ್ಗೆ ನನಗೆ ದೊಡ್ಡ ಗೌರವ.